ಬಿಸಿಲು ಕಾಯಿಸಿದ ನೀರು, ಬಿಲ್ಲಿನಲ್ಲಿ ಉಳಿದ ಹಣ

ಬೆಳಗಿನ ಜಾವದಲ್ಲಿ ಎದ್ದು ಬಚ್ಚಲೊಲೆಗೆ ಉರಿಯಿಟ್ಟು ಹಂಡೆಯ ನೀರನ್ನು ಕಾಯಿಸುವುದು ನಮ್ಮ ನಾಡಿನ ಗೃಹಿಣಿಯರ ದಿನಚರಿಯಲ್ಲಿ ಮೊದಲನೆಯ ಕೆಲಸವಾಗಿದ್ದಿತು. ಹಸಿ ಸೌದೆ, ಕಣ್ಣುರಿಸುವ ಹೊಗೆ, ಮಸಿ ಹಿಡಿದ ಗೋಡೆ, ಇವೆಲ್ಲವೂ ಅದರ ಸಂಗಡ ಬರುತ್ತಿದ್ದ ತೊಂದರೆಗಳು. ಪಟ್ಟಣದ ಮನೆಗಳಿಗೆ ಗೀಸರ್ ಬಂದ ಮೇಲೆ ಹೊಗೆಯೇನೋ ಹೋಯಿತು. ಆದರೆ ಸೌದೆಯ ಖರ್ಚು ವಿದ್ಯುತ್ತಿನ ಬಿಲ್ಲಿನೊಳಗೆ ಸೇರಿಕೊಂಡು ಕುಳಿತಿತು. ಆ ಖರ್ಚನ್ನು ತಗ್ಗಿಸತಕ್ಕ ಉಪಾಯವು ಮನೆಯ ತಾರಸಿಯ ಮೇಲೆಯೇ ಇರುವುದು. ಅದನ್ನು ಕೈಗೊಂಡವರಿಗೆ ಗೊತ್ತುಮಾಡಲಾದ ರಿಯಾಯಿತಿ ಯಾವುದು, ಅದರ ನಿಜವಾದ ಬೆಲೆ ಎಷ್ಟು ಎಂಬುದನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡಬೇಕೆಂದಿದ್ದೇವೆ.

ಮೊದಲು ಯಂತ್ರದ ವಿಚಾರ. ಯಂತ್ರವೆಂದರೂ ಇದರಲ್ಲಿ ತಿರುಗುವ ಚಕ್ರವೊಂದೂ ಇಲ್ಲ. ಕಪ್ಪು ಬಳಿದ ಲೋಹದ ಹಲಗೆಗೆ ಕೊಳವೆಗಳನ್ನು ಜೋಡಿಸಿ, ಮೇಲೆ ಗಾಜು ಮುಚ್ಚಿ, ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ನಿಲ್ಲಿಸುತ್ತಾರೆ. ಹಲಗೆಯ ಬದಲು ಗಾಜಿನ ಕೊಳವೆಗಳನ್ನೇ ಸಾಲಾಗಿ ಇಡುವುದೂ ಉಂಟು. ಬಿಸಿಯಾದ ನೀರು ಹಗುರಾಗಿ ಮೇಲಿನ ತೊಟ್ಟಿಗೆ ಏರುವುದು. ತೊಟ್ಟಿಯ ತಣ್ಣೀರು ಭಾರವಾಗಿ ಕೆಳಗಿಳಿಯುವುದು. ಹೀಗೆ ಹಗಲೆಲ್ಲ ನೀರು ತಾನಾಗಿಯೇ ಸುತ್ತಿ ಕಾಯುವುದು. ತೊಟ್ಟಿಗೆ ಶಾಖ ಸೋರದಂತೆ ದಪ್ಪನಾದ ಹೊದಿಕೆ ಇರುವುದರಿಂದ ಸಂಜೆಯ ಬಿಸಿನೀರು ಮರುದಿನದ ಸ್ನಾನಕ್ಕೆ ಒದಗುವುದು.

ವಿದ್ಯುತ್ತನ್ನು ಮಾರುವವರೇ ಅದನ್ನು ಕಡಮೆ ಕೊಳ್ಳಿರೆಂದು ರಿಯಾಯಿತಿ ಕೊಡುವುದು ವಿಚಿತ್ರವಲ್ಲವೆ ಎಂದು ಕೆಲವರು ಕೇಳಬಹುದು. ಇದಕ್ಕೆ ಕಾರಣವಿದೆ. ಒಂದು ಗೀಸರ್ ಸಾಮಾನ್ಯವಾಗಿ 2,000 ವ್ಯಾಟ್ ಶಕ್ತಿಯನ್ನು ಸೆಳೆಯುವುದು. ಅಂದರೆ 10 ವ್ಯಾಟಿನ 200 ದೀಪಗಳಿಗೆ ಸಮಾನ. ಊರಿನ ಮನೆಮನೆಯವರೂ ಬೆಳಗಿನ ಎರಡು ಮೂರು ಗಂಟೆಗಳಲ್ಲಿಯೇ ಇದನ್ನು ಹಾಕುವುದರಿಂದ ತಂತಿಗಳ ಮೇಲೂ ಟ್ರಾನ್ಸ್‌ಫಾರ್ಮರುಗಳ ಮೇಲೂ ಒಮ್ಮೆಗೇ ಭಾರ ಬೀಳುವುದು. ಆ ಹೊತ್ತಿನ ಬೇಡಿಕೆಯನ್ನು ಪೂರೈಸಲು ಕಂಪನಿಯವರು ಹೆಚ್ಚು ಬೆಲೆ ತೆತ್ತು ವಿದ್ಯುತ್ತನ್ನು ತರಬೇಕಾಗುವುದುಂಟು. ಆದುದರಿಂದ ರಿಯಾಯಿತಿಯು ದಾನವಲ್ಲ. ಗೃಹಸ್ಥನು ಹೊರೆಯಿಳಿಸಿದ್ದಕ್ಕೆ ಸಲ್ಲುವ ಪ್ರತಿಫಲ.

ಬೆಂಗಳೂರು ಮೊದಲಾದ ಪಟ್ಟಣಗಳಲ್ಲಿ ಒಂದು ಮಿತಿಗಿಂತ ದೊಡ್ಡದಾದ ಹೊಸ ಮನೆಗಳಿಗೆ ಸೌರ ಜಲತಾಪಕವನ್ನು ಕರ್ನಾಟಕ ಸರ್ಕಾರವು 2007ರಲ್ಲಿ ಕಡ್ಡಾಯಗೊಳಿಸಿತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಗಳಲ್ಲಿ ಹಲವು ವರ್ಷಗಳ ಕಾಲ ಕಂಡುಬಂದ ನಿಬಂಧನೆಯು ಹೀಗಿದ್ದಿತು: ಇಂತಹ ಜಲತಾಪಕವನ್ನು ಅಳವಡಿಸಿ ಉಪಯೋಗಿಸುತ್ತಿರುವ ಮನೆಗೆ, ಬಳಸಿದ ಪ್ರತಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ ರಿಯಾಯಿತಿ. 'ಉಪಯೋಗಿಸುತ್ತಿರುವ' ಎಂಬ ಮಾತನ್ನು ವಾಚಕರು ಗಮನಿಸಬೇಕು. ತಾರಸಿಯ ಮೇಲೆ ತುಕ್ಕುಹಿಡಿದು ನಿಂತಿರುವ ತೊಟ್ಟಿಗೆ ಈ ಹಕ್ಕಿಲ್ಲ.

ನಮ್ಮ ಅನುಭವವನ್ನೇ ಹೇಳುವುದಾದರೆ, ಜಲತಾಪಕವನ್ನು ಹಾಕಿಸಿದ ಮೇಲೆ ರಿಯಾಯಿತಿಯು ತಾನಾಗಿಯೇ ಬಿಲ್ಲಿನಲ್ಲಿ ಇಳಿಯುತ್ತಿರುವುದೆಂದು ನಾವು ನಂಬಿದ್ದೆವು. ಹದಿನಾಲ್ಕು ತಿಂಗಳು ಕಳೆದ ಮೇಲೆ, ಲೆಕ್ಕದಲ್ಲಿ ಬಹಳ ಜಾಗರೂಕರಾದ ನಮ್ಮ ಮನೆಯವರು ಬಿಲ್ಲುಗಳನ್ನು ಸಾಲಾಗಿ ಹರಡಿಕೊಂಡು, "ಇದರಲ್ಲಿ ರಿಯಾಯಿತಿ ಎಲ್ಲಿದೆ ತೋರಿಸಿರಿ" ಎಂದು ಕೇಳಿದರು. ಎಲ್ಲಿಯೂ ಇರಲಿಲ್ಲ. ಕಚೇರಿಗೆ ಹೋದಾಗ, ಅರ್ಜಿಯನ್ನೂ ಕೊಂಡ ರಸೀತಿಯನ್ನೂ ಕೊಟ್ಟ ಮೇಲೆಯೇ ಅದು ಸಲ್ಲತಕ್ಕದ್ದೆಂದೂ, ಕಳೆದುಹೋದ ತಿಂಗಳುಗಳಿಗೆ ಸಲ್ಲದೆಂದೂ ತಿಳಿಯಿತು. ಕೇಳದೆ ಕೆಟ್ಟವರ ಸಾಲಿಗೆ ನಾವೂ ಸೇರಿದೆವು.

ಆ ನಷ್ಟವನ್ನು ಲೆಕ್ಕಹಾಕುವಾಗಲೇ ಇನ್ನೊಂದು ಸಂಗತಿಯು ನಮಗೆ ಹೊಳೆಯಿತು. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗೆ ಪೂರ್ಣ 50 ರೂಪಾಯಿ ದೊರೆತರೆ, ಮಿತವಾಗಿ 60 ಯೂನಿಟ್ ಬಳಸುವ ಮನೆಗೆ ದೊರೆಯುವುದು 30 ರೂಪಾಯಿ ಮಾತ್ರ. ಮಿತವ್ಯಯಿಗೆ ಕಡಮೆ, ಧಾರಾಳಿಗೆ ಹೆಚ್ಚು! ಹೀಗಿರುವಲ್ಲಿ ರಿಯಾಯಿತಿಯೊಂದನ್ನೇ ನೆಚ್ಚಿಕೊಂಡು ಜಲತಾಪಕವನ್ನು ಕೊಳ್ಳುವುದು ವಿವೇಕವಲ್ಲ. ನಿಜವಾದ ಲಾಭವು ಬೇರೆಡೆಯಲ್ಲಿದೆ. 100 ಲೀಟರ್ ನೀರಿನ ಉಷ್ಣತೆಯನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ಬೇಕು. ಮೋಡದ ದಿನಗಳನ್ನು ಕಳೆದು ವರ್ಷಕ್ಕೆ 300 ದಿನಗಳೆಂದರೆ 1,200 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯೆಂದು ಹಿಡಿದರೆ 7,200 ರೂಪಾಯಿ. ರಿಯಾಯಿತಿಯು ವರ್ಷಕ್ಕೆ ಹೆಚ್ಚೆಂದರೆ 600 ರೂಪಾಯಿ. ಅಂದರೆ ಬಿಸಿಲು ಕೊಡುವುದು ಕಂಪನಿಯು ಕೊಡುವುದರ ಹನ್ನೆರಡರಷ್ಟು. 2023ರಲ್ಲಿ ಗೃಹಜ್ಯೋತಿ ಯೋಜನೆಯು ಆರಂಭವಾದಾಗ, ತಿಂಗಳಿಗೆ 200 ಯೂನಿಟ್ ಮೀರಿದ ಮನೆಯು ಪೂರ್ತಿ ಬಿಲ್ಲನ್ನು ತೆರಬೇಕೆಂದು ಗೊತ್ತಾಯಿತು. ದಿನಕ್ಕೆ 4 ಯೂನಿಟ್ ನುಂಗುವ ಗೀಸರ್ ತಿಂಗಳಿಗೆ 120 ಯೂನಿಟ್ಟಾಗುವುದರಿಂದ, ಅಂತಹ ಮಿತಿಯೊಳಗೆ ನಿಲ್ಲುವುದಕ್ಕೂ ಬಿಸಿಲಿನ ನೀರು ನೆರವಾಗುವುದು.

ಈ ಲಾಭವನ್ನು ಸದ್ದಿಲ್ಲದೆ ಕದಿಯುವ ಕಳ್ಳರೂ ಮನೆಯಲ್ಲಿಯೇ ಇರುತ್ತಾರೆ. ಮಳೆಗಾಲದ ಅನುಕೂಲಕ್ಕೆಂದು ತೊಟ್ಟಿಯೊಳಗೆ ಇಡಿಸುವ ವಿದ್ಯುತ್ ಕಾಯಿಲ್ ಇವರಲ್ಲಿ ಮೊದಲನೆಯದು. ಅದರ ಸ್ವಿಚ್ಚನ್ನು ಆರಿಸಲು ಮರೆತರೆ ರಾತ್ರಿಯೆಲ್ಲ ವಿದ್ಯುತ್ತು ನೀರನ್ನು ಕಾಯಿಸುವುದು. ಬೆಳಗಾದಾಗ ಬಿಸಿಲಿಗೆ ಕೆಲಸವೇ ಉಳಿಯದು. ಕೊಳವೆಬಾವಿಯ ಗಡಸು ನೀರು ಎರಡನೆಯದು. ಅದರ ಸುಣ್ಣವು ಕೊಳವೆಗಳಲ್ಲಿ ಕಟ್ಟಿಕೊಂಡು ನೀರು ಉಗುರುಬೆಚ್ಚಗೆ ಮಾತ್ರ ಬರತೊಡಗುವುದು. ಆಗಾಗ್ಗೆ ತೆಗೆಸಿ ತೊಳೆಸಬೇಕು. ತಾರಸಿಯಿಂದ ಬಚ್ಚಲಿಗೆ ಬರುವ ಉದ್ದನೆಯ ಪೈಪು ಮೂರನೆಯದು. ಅದಕ್ಕೆ ಹೊದಿಕೆ ಸುತ್ತಿಸಿ, ಮೊದಲು ಬರುವ ತಣ್ಣೀರನ್ನು ಬಕೆಟ್ಟಿನಲ್ಲಿ ಹಿಡಿದು ಬಟ್ಟೆ ನೆನೆಸಲು ಇಟ್ಟುಕೊಂಡರೆ ನಷ್ಟವಿಲ್ಲ. ಹಲಗೆಯ ಗಾಜಿನ ಮೇಲಿನ ಧೂಳನ್ನು ವಾರಕ್ಕೊಮ್ಮೆ ಒರೆಸುವ ಕೆಲಸವನ್ನು ಮನೆಯ ಹುಡುಗರಿಗೆ ಒಪ್ಪಿಸಬಹುದು.

ಬಾಡಿಗೆಯ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಹಣ ಹಾಕತಕ್ಕವನು ಮಾಲೀಕ. ಬಿಲ್ಲು ಇಳಿಯುವುದು ಬಾಡಿಗೆದಾರನಿಗೆ. ಇಬ್ಬರೂ ಕುಳಿತು ಮಾತನಾಡಿ, ಉಳಿತಾಯದ ಒಂದು ಭಾಗವನ್ನು ಬಾಡಿಗೆಗೆ ಸೇರಿಸಿಕೊಂಡರೆ ಯಾರಿಗೂ ಅನ್ಯಾಯವಾಗದು.

ದರಪಟ್ಟಿಯು ಆಗಾಗ್ಗೆ ಪರಿಷ್ಕೃತವಾಗುವುದು. ಆದುದರಿಂದ ಈ ತಿಂಗಳ ಬಿಲ್ಲು ಬಂದೊಡನೆ ಅದನ್ನು ಬೆಳಕಿಗೆ ಹಿಡಿದು ಓದಿರಿ. ರಿಯಾಯಿತಿಯ ಸಾಲು ಇಲ್ಲದಿದ್ದರೆ ರಸೀತಿಯನ್ನು ಹುಡುಕಿಕೊಂಡು ಕಚೇರಿಗೆ ಹೋಗಿ ಈಗ ನಡೆಯುತ್ತಿರುವ ನಿಬಂಧನೆಯನ್ನು ವಿಚಾರಿಸಿರಿ. ಹಕ್ಕಿನ ಹಣವು ಸಣ್ಣದೆಂದು ಬಿಡತಕ್ಕದ್ದಲ್ಲ. ಆದರೆ ಹಿಂದಿರುಗಿ ಬಂದ ಮೇಲೆ ಒಮ್ಮೆ ತಾರಸಿಯನ್ನೂ ಹತ್ತಿ ನೋಡಿರಿ. ಗಾಜಿನ ಮೇಲೆ ಧೂಳು ಕುಳಿತಿದ್ದರೆ, ಕಚೇರಿಯಲ್ಲಿ ಗಳಿಸಿದುದಕ್ಕಿಂತ ಹೆಚ್ಚು ಹಣವನ್ನು ಅಲ್ಲಿಯೇ ಕಳೆದುಕೊಳ್ಳುತ್ತಿದ್ದೀರೆಂದು ತಿಳಿಯಿರಿ.