ಅಮೆರಿಕದ ಸಿ.ಪಿ.ಎ.: ಪರೀಕ್ಷೆ ಒಂದೇ, ಪರವಾನಗಿಯ ಬಾಗಿಲು 55



ಬಿ.ಕಾಂ. ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಈಗ ಸಿ.ಎ. ಜೊತೆಗೆ ಇನ್ನೊಂದು ಹೆಸರೂ ಕೇಳಿಬರುತ್ತಿದೆ. ಅದೇ ಸಿ.ಪಿ.ಎ., ಅಂದರೆ ಸರ್ಟಿಫೈಡ್ ಪಬ್ಲಿಕ್ ಅಕೌಂಟೆಂಟ್. ಬೆಂಗಳೂರು, ಹೈದರಾಬಾದ್, ಮುಂಬೈ, ಪುಣೆಗಳಲ್ಲಿ ಕೂತು ಅಮೆರಿಕದ ಕಂಪನಿಗಳ ಲೆಕ್ಕಪತ್ರ, ತೆರಿಗೆ ನೋಡಿಕೊಳ್ಳುವ ಕಚೇರಿಗಳು ಹೆಚ್ಚಿದಂತೆ ಈ ಮೂರಕ್ಷರಕ್ಕೂ ಬೆಲೆ ಬಂದಿದೆ. ಆದರೆ ಕೋಚಿಂಗ್ ಕ್ಲಾಸಿಗೆ ದೊಡ್ಡ ಮೊತ್ತ ಕಟ್ಟಿದ ಮೇಲೆ "ನಿಮ್ಮ ಮೂರು ವರ್ಷದ ಡಿಗ್ರಿ ಸಾಲದು" ಅಂತ ಗೊತ್ತಾದರೆ ಹಣವೂ ಹೋಯಿತು, ಒಂದೆರಡು ವರ್ಷವೂ ಹೋಯಿತು. ಆದ್ದರಿಂದ ಈ ಸಲ ಸಿ.ಪಿ.ಎ. ಪರವಾನಗಿ ಹೇಗೆ ಸಿಗುತ್ತದೆ ಅನ್ನುವುದನ್ನು ಮೊದಲಿನಿಂದ ನೋಡೋಣ.

ಕೊಡುವವರು ಯಾರು?

ನಮ್ಮಲ್ಲಿ ಸಿ.ಎ. ಅಂದರೆ ಇಡೀ ದೇಶಕ್ಕೆ ಒಂದೇ ಸಂಸ್ಥೆ, ಒಂದೇ ಕಾಯಿದೆ. ಅದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆ. ಅಮೆರಿಕದಲ್ಲಿ ಹಾಗಲ್ಲ. 1896ರಲ್ಲಿ ನ್ಯೂಯಾರ್ಕ್ ರಾಜ್ಯ ಮೊದಲು ಸಿ.ಪಿ.ಎ. ಕಾನೂನು ಮಾಡಿತು. ಆಮೇಲೆ ಉಳಿದ ರಾಜ್ಯಗಳೂ ತಮ್ಮ ತಮ್ಮ ಕಾನೂನು ಮಾಡಿಕೊಂಡವು. ಇವತ್ತು 50 ರಾಜ್ಯಗಳು, ರಾಜಧಾನಿ ವಾಷಿಂಗ್ಟನ್ ಡಿ.ಸಿ., ಜೊತೆಗೆ ಪೋರ್ಟೊರಿಕೊ, ಗ್ವಾಮ್ ಮುಂತಾದ ನಾಲ್ಕು ಪ್ರಾಂತ್ಯಗಳು, ಹೀಗೆ ಒಟ್ಟು 55 ಕಡೆ ಅಕೌಂಟೆನ್ಸಿ ಬೋರ್ಡುಗಳಿವೆ. ಪರವಾನಗಿ ಕೊಡುವುದೂ, ತಪ್ಪು ಮಾಡಿದರೆ ಕಿತ್ತುಕೊಳ್ಳುವುದೂ ಆ ಬೋರ್ಡುಗಳೇ. ಪರೀಕ್ಷೆ ಮಾತ್ರ ಎಲ್ಲ ಕಡೆಗೂ ಒಂದೇ.

ಎಲ್ಲ ರಾಜ್ಯಗಳೂ ಕೇಳುವುದು ಮೂರು: ಓದು, ಪರೀಕ್ಷೆ, ಅನುಭವ. ಒಂದೊಂದಾಗಿ ನೋಡೋಣ.

ಓದು: 120 ಮತ್ತು 150ರ ಲೆಕ್ಕ

ಅಮೆರಿಕದ ಪದವಿ ನಾಲ್ಕು ವರ್ಷದ್ದು. ಅದನ್ನು 120 ಸೆಮಿಸ್ಟರ್ ಕ್ರೆಡಿಟ್ ಎಂದು ಎಣಿಸುತ್ತಾರೆ. ಪರವಾನಗಿಗೆ ಇನ್ನೂ ಒಂದು ವರ್ಷದ ಓದು ಸೇರಿಸಿ 150 ಕ್ರೆಡಿಟ್ ಬೇಕು ಅನ್ನುವುದು ಬಹುಕಾಲದಿಂದ ನಡೆದುಬಂದ ನಿಯಮ. ಅನೇಕ ರಾಜ್ಯಗಳಲ್ಲಿ 120 ಇದ್ದರೆ ಪರೀಕ್ಷೆಗೆ ಕೂರಬಹುದು, ಆದರೆ ಪರವಾನಗಿಗೆ 150 ತುಂಬಿಸಬೇಕು.

ನಮ್ಮ ತೊಡಕು ಇರುವುದು ಇಲ್ಲೇ. ಭಾರತದ ಒಂದು ವರ್ಷದ ಓದನ್ನು ಸಾಮಾನ್ಯವಾಗಿ 30 ಕ್ರೆಡಿಟ್ ಎಂದು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಮೂರು ವರ್ಷದ ಬಿ.ಕಾಂ. ಅಂದರೆ 90. ಅದರ ಮೇಲೆ ಎರಡು ವರ್ಷದ ಎಂ.ಕಾಂ. ಮಾಡಿದ್ದರೆ 150 ಆಗುತ್ತದೆ. ಸಿ.ಎ. ಓದಿಗೂ ಕ್ರೆಡಿಟ್ ಕೊಡುವ ರಾಜ್ಯಗಳಿವೆ, ಕೊಡದ ರಾಜ್ಯಗಳೂ ಇವೆ. ಒಟ್ಟು ಕ್ರೆಡಿಟ್ ಸಾಕಾದರೂ ಆಗಲಿಲ್ಲ, ಅದರಲ್ಲಿ ಅಕೌಂಟಿಂಗ್ ಮತ್ತು ವಾಣಿಜ್ಯ ವಿಷಯಗಳದ್ದು ಇಷ್ಟಿಷ್ಟು ಇರಬೇಕು ಅನ್ನುವ ಷರತ್ತೂ ಉಂಟು. ಇದನ್ನು ತೀರ್ಮಾನಿಸುವುದು ಕೋಚಿಂಗ್ ಕ್ಲಾಸಲ್ಲ. ಆ ರಾಜ್ಯದ ಬೋರ್ಡು ಒಪ್ಪಿಕೊಂಡಿರುವ ಮೌಲ್ಯಮಾಪನ ಸಂಸ್ಥೆ. ಅಂಕಪಟ್ಟಿಗಳನ್ನು ಆ ಸಂಸ್ಥೆಗೆ ಕಳಿಸಿ ವರದಿ ತರಿಸಿಕೊಳ್ಳಬೇಕು.

ಇತ್ತೀಚೆಗೆ ಈ ನಿಯಮವೂ ಸಡಿಲವಾಗುತ್ತಿದೆ. ಪದವಿಯ ಜೊತೆ ಎರಡು ವರ್ಷದ ಅನುಭವ ಇದ್ದರೆ ಹೆಚ್ಚುವರಿ 30 ಕ್ರೆಡಿಟ್ ಬೇಡ ಎನ್ನುವ ಕಾನೂನನ್ನು ಒಹಾಯೊ ರಾಜ್ಯ 2025ರ ಜನವರಿಯಲ್ಲಿ ಮಾಡಿತು. ಅದು 2026ರ ಜನವರಿ 1ರಿಂದ ಜಾರಿಗೆ ಬರುವಂತೆ ಆಯಿತು. ಆ ವರ್ಷ ಇನ್ನೂ ಹಲವು ರಾಜ್ಯಗಳು ಇದೇ ದಾರಿ ಹಿಡಿದವು. ಒಂದು ಮಾತು ನೆನಪಿರಲಿ: ಇಲ್ಲಿ ಪದವಿ ಅಂದರೆ ಅಮೆರಿಕದ ಪದವಿಗೆ ಸಮ ಎಂದು ಒಪ್ಪಿದ ಪದವಿ.

ಪರೀಕ್ಷೆ: ನಾಲ್ಕು ಭಾಗ

ಪ್ರಶ್ನೆಪತ್ರಿಕೆ ತಯಾರಿಸುವುದು ಅಮೆರಿಕದ ಸಿ.ಪಿ.ಎ.ಗಳ ಸಂಸ್ಥೆಯಾದ ಎ.ಐ.ಸಿ.ಪಿ.ಎ. 2004ರಿಂದ ಪರೀಕ್ಷೆ ಕಂಪ್ಯೂಟರಿನಲ್ಲೇ ನಡೆಯುತ್ತಿದೆ. 2024ರ ಜನವರಿಯಲ್ಲಿ ಅದರ ಸ್ವರೂಪ ಬದಲಾಯಿತು. ಆಡಿಟಿಂಗ್, ಹಣಕಾಸು ವರದಿ, ತೆರಿಗೆ ಮತ್ತು ಕಾನೂನು, ಈ ಮೂರು ಭಾಗ ಎಲ್ಲರಿಗೂ ಕಡ್ಡಾಯ. ನಾಲ್ಕನೆಯದನ್ನು ಅಭ್ಯರ್ಥಿಯೇ ಆರಿಸಿಕೊಳ್ಳಬೇಕು: ವ್ಯವಹಾರ ವಿಶ್ಲೇಷಣೆ ಮತ್ತು ವರದಿ, ಮಾಹಿತಿ ವ್ಯವಸ್ಥೆ ಮತ್ತು ಅದರ ನಿಯಂತ್ರಣ, ಅಥವಾ ತೆರಿಗೆ ಪಾಲನೆ ಮತ್ತು ಯೋಜನೆ. ಒಂದೊಂದು ಭಾಗಕ್ಕೂ 4 ಗಂಟೆ. ಪಾಸಾಗಲು 75 ಬೇಕು. ಆದರೆ ಇದು ನೂರಕ್ಕೆ 75 ಅಲ್ಲ. ಪ್ರಶ್ನೆಗಳ ಕಷ್ಟ ನೋಡಿ 0ಯಿಂದ 99ರ ಅಳತೆಗೆ ಹೊಂದಿಸಿದ ಅಂಕ.

ನಾಲ್ಕನ್ನೂ ಒಟ್ಟಿಗೆ ಬರೆಯಬೇಕೆಂದಿಲ್ಲ. ಆದರೆ ಒಂದು ಪಾಸಾದ ಮೇಲೆ ಉಳಿದವನ್ನು ಗೊತ್ತಾದ ಅವಧಿಯೊಳಗೆ ಮುಗಿಸಬೇಕು. ಮೊದಲು 18 ತಿಂಗಳಿದ್ದ ಈ ಅವಧಿಯನ್ನು ಅನೇಕ ರಾಜ್ಯಗಳು 30 ತಿಂಗಳಿಗೆ ಏರಿಸಿವೆ. ತಪ್ಪಿದರೆ ಮೊದಲು ಪಾಸಾದ ಭಾಗ ಬಿದ್ದುಹೋಗುತ್ತದೆ.

ಸಂತೋಷದ ವಿಷಯ ಏನೆಂದರೆ, 2020ರಿಂದ ಈ ಪರೀಕ್ಷೆ ಭಾರತದಲ್ಲೇ ನಡೆಯುತ್ತಿದೆ. ಬೆಂಗಳೂರು, ಮುಂಬೈ, ಚೆನ್ನೈ, ಹೈದರಾಬಾದ್, ದಿಲ್ಲಿ ಈ ಪಟ್ಟಿಗೆ ಸೇರಿದ ಊರುಗಳು. ಅದಕ್ಕೂ ಮೊದಲು ಇದಕ್ಕಾಗಿ ವಿಮಾನ ಹತ್ತಲೇಬೇಕಿತ್ತು. ಆದರೂ ಅಮೆರಿಕದ ಹೊರಗೆ ಬರೆಯುವವರು ಪ್ರತಿ ಭಾಗಕ್ಕೂ ಹೆಚ್ಚುವರಿ ಶುಲ್ಕ ಡಾಲರ್ ಲೆಕ್ಕದಲ್ಲಿ ಕಟ್ಟಬೇಕು.

ಅನುಭವ: ಸಹಿ ಹಾಕುವವರು ಬೇಕು

ನಾಲ್ಕೂ ಪಾಸಾದವರು ಪರೀಕ್ಷೆ ಗೆದ್ದಂತೆ, ಸಿ.ಪಿ.ಎ. ಆದಂತಲ್ಲ. ಪರವಾನಗಿ ಇಲ್ಲದೆ ಹೆಸರಿನ ಮುಂದೆ ಆ ಮೂರಕ್ಷರ ಹಾಕಿಕೊಳ್ಳುವಂತಿಲ್ಲ. 150 ಕ್ರೆಡಿಟ್ ಇದ್ದವರಿಗೆ ಸಾಮಾನ್ಯವಾಗಿ ಒಂದು ವರ್ಷದ, ಅಂದರೆ ಸುಮಾರು 2,000 ಗಂಟೆಗಳ ಕೆಲಸದ ಅನುಭವ ಬೇಕು. ಅದು ನಿಜ ಎಂದು ಚಾಲ್ತಿಯಲ್ಲಿರುವ ಪರವಾನಗಿಯುಳ್ಳ ಸಿ.ಪಿ.ಎ. ಒಬ್ಬರು ದೃಢೀಕರಿಸಬೇಕು. ಭಾರತದಲ್ಲಿ ಮಾಡಿದ ಕೆಲಸವನ್ನು ಒಪ್ಪುವ ರಾಜ್ಯಗಳಿವೆ. ಆದರೆ ನಿಮ್ಮ ಕಚೇರಿಯಲ್ಲಿ ಸಹಿ ಹಾಕಬಲ್ಲ ಸಿ.ಪಿ.ಎ. ಇದ್ದಾರೆಯೇ ಅನ್ನುವುದೇ ದೊಡ್ಡ ಪ್ರಶ್ನೆ. ಹಲವು ರಾಜ್ಯಗಳು ವೃತ್ತಿನೀತಿಯ ಪರೀಕ್ಷೆಯನ್ನೂ ಕೇಳುತ್ತವೆ. ಕೆಲವು ರಾಜ್ಯಗಳು ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳುತ್ತವೆ. ಇಲ್ಲಿಂದ ಅರ್ಜಿ ಹಾಕುವವರಿಗೆ ಆ ಬಾಗಿಲು ಮುಚ್ಚಿದಂತೆಯೇ. ಪರವಾನಗಿ ಬಂದ ಮೇಲೂ ಅದನ್ನು ಉಳಿಸಿಕೊಳ್ಳಲು ನಿರಂತರ ಕಲಿಕೆ ಕಡ್ಡಾಯ. ವರ್ಷಕ್ಕೆ ಸರಾಸರಿ 40 ಗಂಟೆ ಅನ್ನುವುದು ಸಾಮಾನ್ಯ ಲೆಕ್ಕ.

ಇಲ್ಲಿ ಏನು ಪ್ರಯೋಜನ?

ಇದನ್ನೂ ಸ್ಪಷ್ಟವಾಗಿ ತಿಳಿದಿರಬೇಕು. ಸಿ.ಪಿ.ಎ. ಪರವಾನಗಿ ಹಿಡಿದು ಭಾರತದ ಕಂಪನಿಯ ಆಡಿಟ್ ವರದಿಗೆ ಸಹಿ ಹಾಕಲು ಆಗದು. 2013ರ ಕಂಪನಿ ಕಾಯಿದೆಯ ಪ್ರಕಾರ ಅದು ಚಾರ್ಟರ್ಡ್ ಅಕೌಂಟೆಂಟರ ಕೆಲಸ. ಹಾಗೆಯೇ ನಮ್ಮ ಸಿ.ಎ.ಗಳು ಅಲ್ಲಿ ಸಿ.ಪಿ.ಎ. ಆಗಬೇಕೆಂದರೆ ನಾಲ್ಕೂ ಭಾಗ ಬರೆಯಲೇಬೇಕು. ಸಿ.ಪಿ.ಎ. ಬೆಲೆ ಕಾಣುವುದು ಅಮೆರಿಕದ ಲೆಕ್ಕ ಮತ್ತು ತೆರಿಗೆ ನೋಡುವ ಕಚೇರಿಗಳಲ್ಲಿ, ಇಲ್ಲವೇ ಅಮೆರಿಕಕ್ಕೆ ಹೋಗಿ ನೆಲೆಸುವವರಿಗೆ. ಊರಿನಲ್ಲಿ ಬೋರ್ಡು ಹಾಕಿಕೊಂಡು ಸ್ವಂತ ಪ್ರಾಕ್ಟೀಸ್ ಮಾಡುವ ಆಸೆ ಇದ್ದರೆ ಸಿ.ಎ. ದಾರಿಯೇ ಸರಿ.

ಹಣ ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ನಾನು ಅರ್ಜಿ ಹಾಕುವುದು ಯಾವ ರಾಜ್ಯಕ್ಕೆ? ಆ ರಾಜ್ಯದ ಲೆಕ್ಕದಲ್ಲಿ ನನ್ನ ಡಿಗ್ರಿಗೆ ಎಷ್ಟು ಕ್ರೆಡಿಟ್? ನನ್ನ ಅನುಭವಕ್ಕೆ ಸಹಿ ಹಾಕುವವರು ಯಾರು? ಮೂರಕ್ಕೂ ಉತ್ತರ ಸಿಕ್ಕ ಮೇಲೆ ಪುಸ್ತಕ ಕೊಳ್ಳಿ. ರಾಜ್ಯಗಳ ನಿಯಮ ಆಗಾಗ ಬದಲಾಗುವುದರಿಂದ ಬೋರ್ಡಿನ ಅಧಿಕೃತ ಮಾಹಿತಿಯನ್ನೇ ನಂಬಿ, ಏಜೆಂಟರ ಬಾಯಿಮಾತನ್ನಲ್ಲ.