ಹಣ್ಣೆಲೆಯ ಬೆಟ್ಟಕ್ಕೆ ಒಂದು ದಿನದ ಪ್ರವಾಸ

ನಮ್ಮ ಬೆಳೆಗಾರ ಬಾಂಧವರಲ್ಲಿ ಹಲವರ ಮಕ್ಕಳು ಇಂದು ಅಮೆರಿಕದಲ್ಲಿದ್ದಾರೆ. ಬಾಸ್ಟನ್ ಸುತ್ತಮುತ್ತ ಕೆಲಸದಲ್ಲಿರುವವರೂ ಇದ್ದಾರೆ. "ಅಪ್ಪಯ್ಯ, ಅಮ್ಮ, ಒಂದು ಸಲವಾದರೂ ಬಂದು ಹೋಗಿ" ಎಂಬ ಕರೆ ವರ್ಷವರ್ಷವೂ ಬರುತ್ತಿರುತ್ತದೆ. ತೋಟ ಬಿಟ್ಟು ಹೊರಡುವುದು ಯಾವಾಗ ಎಂಬುದೇ ತೊಡಕು. ಮಳೆಗಾಲದಲ್ಲಿ ಕೊಳೆರೋಗದ ಚಿಂತೆ, ಮಳೆ ಬಿಟ್ಟ ಮೇಲೆ ಕೊಯ್ಲಿನ ಚಿಂತೆ.

ಹಾಗೆ ನೋಡಿದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಸ್ವಲ್ಪ ಬಿಡುವು ಸಿಗುತ್ತದೆ. ಬೋರ್ಡೋ ದ್ರಾವಣ ಹೊಡೆದು ಮುಗಿದಿರುತ್ತದೆ. ಅರೇಬಿಕಾ ಹಣ್ಣಾಗಲು ಇನ್ನೂ ದಿನವಿರುತ್ತದೆ. ಕೆಂಪಡಿಕೆ ಮಾಡುವವರಿಗೆ ಮಾತ್ರ ಕೊನೆಕೊಯ್ಲು ಎದುರಿಗೆ ಬಂದಿರುತ್ತದೆ. ಅವರು ಮನೆಯಲ್ಲೊಬ್ಬರಿಗೆ ಜವಾಬ್ದಾರಿ ವಹಿಸಿ ಹೊರಡುವುದು ಕ್ಷೇಮ. ಇದೇ ದಿನಗಳಲ್ಲಿ ಬಾಸ್ಟನ್ನಿನ ಉತ್ತರಕ್ಕಿರುವ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ವೈಟ್ ಮೌಂಟನ್ಸ್ ಎಂಬ ಬೆಟ್ಟಸಾಲಿನಲ್ಲಿ ಎಲೆಗಳೆಲ್ಲ ಹಳದಿ, ಕಿತ್ತಳೆ, ಕೆಂಪು ಬಣ್ಣಕ್ಕೆ ತಿರುಗುತ್ತವೆ. ಅದನ್ನು ನೋಡಲೆಂದೇ ಜನ ದೂರದೂರದಿಂದ ಬರುತ್ತಾರೆ.

ಅಡಿಕೆ ಬೆಳೆಗಾರನಿಗೆ ಇದು ಮೊದಲಿಗೆ ವಿಚಿತ್ರವೆನಿಸಬಹುದು. ತೋಟದಲ್ಲಿ ಸೋಗೆ ಹಳದಿಯಾಯಿತೆಂದರೆ ನಮ್ಮ ಎದೆ ಧಸಕ್ಕೆನ್ನುತ್ತದೆ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆಯವರಿಗೆ ಹಳದಿ ಎಲೆ ರೋಗ ಏನೆಂದು ಹೇಳಬೇಕಾಗಿಲ್ಲ. ಅಲ್ಲಿ ಮಾತ್ರ ಹಳದಿ ಎಂಬುದು ರೋಗವಲ್ಲ, ಮರದ ಲೆಕ್ಕಾಚಾರ. ಅದನ್ನು ತಿಳಿದುಕೊಂಡು ಹೋದರೆ ನೋಟದ ಸೊಗಸು ಇಮ್ಮಡಿಯಾಗುತ್ತದೆ.

ಎಲೆಗೆ ಬಣ್ಣ ಬರುವ ಬಗೆ

ವೈಟ್ ಮೌಂಟನ್ಸ್‌ನ ತುತ್ತತುದಿ ಮೌಂಟ್ ವಾಷಿಂಗ್‌ಟನ್, 1,917 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಎತ್ತರದಲ್ಲಿ ಎರಡೂ ಹೆಚ್ಚುಕಡಿಮೆ ಸರಿಸಮ. ಆದರೆ ಮುಳ್ಳಯ್ಯನಗಿರಿ ಇರುವುದು 13ನೇ ಅಕ್ಷಾಂಶದಲ್ಲಿ, ಅದಿರುವುದು 44ರಲ್ಲಿ. ಎಲ್ಲ ವ್ಯತ್ಯಾಸ ಅಲ್ಲಿಂದಲೇ ಹುಟ್ಟುತ್ತದೆ. ಅಲ್ಲಿ ಚಳಿಗಾಲದಲ್ಲಿ ನೆಲದ ನೀರು ಹೆಪ್ಪುಗಟ್ಟುತ್ತದೆ. ಬೇರಿಗೆ ನೀರು ಸಿಗದ ಮೇಲೆ ಅಗಲ ಎಲೆಯನ್ನು ಹೊತ್ತು ನಿಲ್ಲುವುದು ಮರಕ್ಕೆ ನಷ್ಟದ ಬಾಬತ್ತು. ಆದ್ದರಿಂದ ಹಗಲು ಕಿರಿದಾಗುತ್ತ ಬಂದಂತೆ ಮರವು ಅಂಗಡಿ ಕಟ್ಟಲು ಸಿದ್ಧವಾಗುತ್ತದೆ.

ಮೊದಲು ಎಲೆಯ ಪತ್ರಹರಿತ್ತು ಒಡೆಯುತ್ತದೆ. ಎಲೆಯಲ್ಲಿದ್ದ ಸಾರಜನಕ, ರಂಜಕಗಳ ದೊಡ್ಡ ಪಾಲನ್ನು ಮರ ಹಿಂದಕ್ಕೆಳೆದುಕೊಂಡು ರೆಂಬೆ ಕಾಂಡಗಳಲ್ಲಿ ದಾಸ್ತಾನು ಮಾಡುತ್ತದೆ. ಹಸಿರು ಸರಿದಾಗ ಅದರ ಕೆಳಗೆ ಮೊದಲಿನಿಂದಲೂ ಇದ್ದ ಕ್ಯಾರೊಟಿನಾಯ್ಡ್ ಎಂಬ ಹಳದಿ ಬಣ್ಣ ಕಾಣಿಸಿಕೊಳ್ಳುತ್ತದೆ. ಕೆಂಪಿನ ಕಥೆ ಬೇರೆ. ಆಂಥೊಸಯನಿನ್ ಎಂಬ ಆ ಕೆಂಪು ಹೊಸದಾಗಿ ತಯಾರಾಗುವಂಥದು. ಹಗಲು ಚೆನ್ನಾಗಿ ಬಿಸಿಲಿದ್ದು, ರಾತ್ರಿ ತಣ್ಣಗಿದ್ದೂ ಹಿಮ ಬೀಳದಿದ್ದರೆ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಅದು ಹೆಚ್ಚಾಗಿ ಹುಟ್ಟುತ್ತದೆ. ಕೊನೆಗೆ ತೊಟ್ಟಿನ ಬುಡದಲ್ಲಿ ಒಂದು ಪದರ ಬೆಳೆದು ಎಲೆ ಕಳಚಿ ಬೀಳುತ್ತದೆ.

ಈ ಕೆಂಪು ನಮಗೆ ಅಪರಿಚಿತವೇನಲ್ಲ. ಬೇಸಿಗೆ ಹತ್ತಿರವಾದಾಗ ನಾಗಸಂಪಿಗೆ, ದಾಲ್ಚಿನ್ನಿ, ಮಾವಿನ ಚಿಗುರು ಕೆಂಪಗೆ ಹೊಳೆಯುವುದನ್ನು ಘಟ್ಟದವರು ಕಂಡೇ ಇರುತ್ತಾರೆ. ಅಲ್ಲಿಯೂ ಇದೇ ಜಾತಿಯ ಬಣ್ಣವೇ. ನಮ್ಮಲ್ಲಿ ಎಲೆ ಹುಟ್ಟುವಾಗ ಕೆಂಪು, ಅವರಲ್ಲಿ ಹೋಗುವಾಗ ಕೆಂಪು, ಅಷ್ಟೇ.

ದಿನ ಗೊತ್ತುಮಾಡುವುದು

ಹೂಮಳೆ ಇಂಥ ತಾರೀಖಿಗೇ ಬರುತ್ತದೆಂದು ಹೇಳಲು ಬರುವುದಿಲ್ಲವಷ್ಟೆ. ಎಲೆಯ ಬಣ್ಣವೂ ಹಾಗೆಯೇ. ಬೆಟ್ಟಗಳಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ನಡುವಿನೊಳಗೆ ಬಣ್ಣ ಭರ್ತಿಯಾಗುತ್ತದೆ. ಬರಗಾಲದ ವರ್ಷ ಎಲೆ ಬೇಗನೆ ಕಂದಿ ಉದುರಬಹುದು. ಬೆಚ್ಚಗಿನ ವರ್ಷ ತಡವಾಗಬಹುದು. ಒಂದು ರಾತ್ರಿಯ ಗಾಳಿಮಳೆ ಎಲ್ಲವನ್ನೂ ನೆಲಕ್ಕೆ ಕೆಡವಲೂಬಹುದು. ಆದುದರಿಂದ ಒಂದೇ ದಿನವನ್ನು ನೆಚ್ಚಿಕೊಳ್ಳದೆ ಎರಡು ಮೂರು ದಿನಗಳನ್ನು ಕೈಯಲ್ಲಿಟ್ಟುಕೊಳ್ಳಬೇಕು. ಯಾವ ಭಾಗದಲ್ಲಿ ಎಷ್ಟು ಬಣ್ಣ ಬಂದಿದೆ ಎಂಬ ವರದಿಯನ್ನು ಆ ರಾಜ್ಯದ ಪ್ರವಾಸ ಇಲಾಖೆ ಆಗಾಗ ಪ್ರಕಟಿಸುತ್ತದೆ; ಮಕ್ಕಳಿಗೆ ಹೇಳಿ ನೋಡಿಸಿಕೊಳ್ಳಬಹುದು.

ನೆನಪಿಡಬೇಕಾದ ಮುಖ್ಯ ಸೂತ್ರ ಒಂದೇ: ಬಣ್ಣ ಬೆಟ್ಟದ ಮೇಲಿನಿಂದ ಕೆಳಕ್ಕೆ, ಉತ್ತರದಿಂದ ದಕ್ಷಿಣಕ್ಕೆ ಇಳಿದು ಬರುತ್ತದೆ. ತಡವಾಯಿತೆಂದು ಪ್ರವಾಸವನ್ನೇ ಕೈಬಿಡಬೇಕಾಗಿಲ್ಲ. ಮೇಲೆ ಉದುರಿದ್ದರೆ ಕೆಳಗಿನ ಕಣಿವೆಯಲ್ಲಿ ಇದ್ದೇ ಇರುತ್ತದೆ.

ಅಕ್ಟೋಬರ್ ಎರಡನೆಯ ಸೋಮವಾರ ಅಲ್ಲಿ ರಜೆ. ಅದರ ಹಿಂದಿನ ಶನಿವಾರ ಭಾನುವಾರ ಸೇರಿ ಮೂರು ದಿನ ರಸ್ತೆಯಲ್ಲಿ ಜಾತ್ರೆ. ಮಕ್ಕಳು ಒಂದು ದಿನ ರಜೆ ಹಾಕಿದರೂ ಚಿಂತೆಯಿಲ್ಲ, ಮಂಗಳವಾರ ಬುಧವಾರದಂಥ ವಾರದ ನಡುವಿನ ದಿನವೇ ಲೇಸು.

ದಾರಿ ಮತ್ತು ವೇಳೆ

ಬಾಸ್ಟನ್ನಿನಿಂದ 93ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು 130 ಮೈಲಿ ಹೋದರೆ ಲಿಂಕನ್ ಎಂಬ ಊರು. ಅಲ್ಲಿಂದ ಪೂರ್ವಕ್ಕೆ ಕಾನ್ವೇ ಎಂಬಲ್ಲಿಯವರೆಗೆ ಬೆಟ್ಟದ ಮೇಲೆ ಹಾದುಹೋಗುವ ಮುವ್ವತ್ತನಾಲ್ಕೂವರೆ ಮೈಲಿಯ ರಸ್ತೆಯೇ ಕ್ಯಾಂಕಮಾಗಸ್ ಹೆದ್ದಾರಿ. ಹದಿನೇಳನೆಯ ಶತಮಾನದಲ್ಲಿ ಬಾಳಿದ ಅಲ್ಲಿನ ಮೂಲನಿವಾಸಿ ಪೆನಕುಕ್ ಜನರ ನಾಯಕನೊಬ್ಬನ ಹೆಸರದು. ಈ ರಸ್ತೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸಂಚಾರಕ್ಕೆ ತೆರೆದದ್ದು 1959ರಲ್ಲಿ.

ಅಕ್ಟೋಬರ್ ಮೊದಲ ವಾರದಲ್ಲಿ ಅಲ್ಲಿ ಸೂರ್ಯೋದಯ ಬೆಳಿಗ್ಗೆ 6-45ರ ಸುಮಾರಿಗೆ, ಸೂರ್ಯಾಸ್ತ ಸಂಜೆ 6-20ರ ಸುಮಾರಿಗೆ. ಹೊತ್ತು ಕಡಿಮೆ. ಆದ್ದರಿಂದ ವೇಳಾಪಟ್ಟಿ ಹೀಗಿದ್ದರೆ ಅನುಕೂಲ:

ಬೆಳಿಗ್ಗೆ 6 ಗಂಟೆಗೆ ಬಾಸ್ಟನ್ ಬಿಡುವುದು. 8-30ಕ್ಕೆ ಲಿಂಕನ್. ಅಲ್ಲಿಯೇ ಪೆಟ್ರೋಲ್ ತುಂಬಿಸಿಕೊಳ್ಳಬೇಕು, ಏಕೆಂದರೆ ಮುಂದಿನ ಬೆಟ್ಟದ ದಾರಿಯಲ್ಲಿ ಪೆಟ್ರೋಲ್ ಬಂಕಾಗಲಿ ಹೋಟೆಲಾಗಲಿ ಇಲ್ಲ. ಫೋನು ಕೂಡ ಬಹುಪಾಲು ಕಡೆ ಸಿಗುವುದಿಲ್ಲ. ಬುತ್ತಿ, ಬಿಸಿ ಕಾಫಿಯ ಫ್ಲಾಸ್ಕು, ಕಾಗದದ ನಕ್ಷೆ ಜೊತೆಗಿರಲಿ.

9 ಗಂಟೆಗೆ ಲಿಂಕನ್ ವುಡ್ಸ್ ಎಂಬಲ್ಲಿ ಇಳಿದು ಹೊಳೆಯ ಪಕ್ಕದ ಸಮತಟ್ಟು ದಾರಿಯಲ್ಲಿ ಅರ್ಧ ಗಂಟೆ ನಡೆಯಬಹುದು. ಮಂಡಿನೋವಿನವರಿಗೂ ಇದು ತ್ರಾಸವಲ್ಲ. ಬಳಿಕ ಹಿಮ್ಮುರಿ ತಿರುವುಗಳನ್ನು ಹತ್ತಿ 10 ಗಂಟೆಯ ಸುಮಾರಿಗೆ ಕ್ಯಾಂಕಮಾಗಸ್ ಕಣಿವೆದಾರಿಯ ನೆತ್ತಿ. ಎತ್ತರ ಸುಮಾರು 2,850 ಅಡಿ, ನಮ್ಮ ಅನೇಕ ಕಾಫಿ ತೋಟಗಳ ಎತ್ತರವೇ. ಇಲ್ಲಿ ನೀರು ಎರಡು ಪಾಲಾಗುತ್ತದೆ. ಪಶ್ಚಿಮಕ್ಕೆ ಬಿದ್ದ ಹನಿ ಪೆಮಿಜವಾಸೆಟ್ ಹೊಳೆ ಸೇರಿ ಮೆರಿಮ್ಯಾಕ್ ನದಿಯಾಗುತ್ತದೆ. ಪೂರ್ವಕ್ಕೆ ಬಿದ್ದದ್ದು ಸ್ವಿಫ್ಟ್ ಹೊಳೆಯ ಮೂಲಕ ಸಾಕೋ ನದಿ ಸೇರುತ್ತದೆ. ಗಂಗಾಮೂಲದ ನೀರು ಘಟ್ಟದ ಮೇಲಕ್ಕೂ ಕೆಳಕ್ಕೂ ಹರಿಯುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಳಿಯುವಾಗ ಸಬ್ಬಡೇ ಜಲಪಾತ, ಬಂಡೆಗಳ ನಡುವೆ ಹೊಳೆ ನುಗ್ಗುವ ರಾಕಿ ಗಾರ್ಜ್, 1858ರ ಮರದ ಮಾಡುಳ್ಳ ಸೇತುವೆ ಇವಿಷ್ಟನ್ನು ನೋಡಿ, ಎಲ್ಲಾದರೂ ಕುಳಿತು ಬುತ್ತಿ ಬಿಚ್ಚಬಹುದು. 2 ಗಂಟೆಗೆ ಕಾನ್ವೇ ತಲುಪಿ 16ನೇ ರಸ್ತೆ ಹಿಡಿದರೆ ಕತ್ತಲಾಗುವುದರೊಳಗೆ ಮನೆ. ಕತ್ತಲಾದ ಮೇಲೆ ಬೆಟ್ಟದ ರಸ್ತೆ ಬೇಡ. ಮೂಸ್ ಎಂಬ, ನಮ್ಮ ಕಡವೆಗಿಂತಲೂ ದೊಡ್ಡದಾದ ಜಿಂಕೆ ಜಾತಿಯ ಪ್ರಾಣಿ ರಸ್ತೆಗೆ ಅಡ್ಡ ಬರುತ್ತದೆ. ಕಾರಿಗೆ ಬಡಿದರೆ ಜೀವಕ್ಕೇ ಅಪಾಯ.

ಬೋಳಾಗಿದ್ದ ಬೆಟ್ಟ

ಈ ದಾರಿಯಲ್ಲಿ ಎರಡೂ ಕಡೆ ಕಾಣುವ ಕಾಡನ್ನು ಕಂಡವರು ಇದು ಆದಿಯಿಂದಲೂ ಹೀಗೆಯೇ ಇತ್ತೆಂದು ತಿಳಿಯುವುದು ಸಹಜ. ಹಾಗಿರಲಿಲ್ಲ. 1867ರಲ್ಲಿ ನ್ಯೂ ಹ್ಯಾಂಪ್‌ಷೈರ್ ಸರ್ಕಾರ ತನ್ನ ಕೈಯಲ್ಲಿ ಉಳಿದಿದ್ದ ಬೆಟ್ಟದ ಭೂಮಿಯನ್ನು ಖಾಸಗಿಯವರಿಗೆ ಮಾರಿತು. ಮರದ ಕಂಪನಿಗಳು ಬಂದವು. ಕಣಿವೆಯೊಳಕ್ಕೆ ರೈಲುಹಳಿ ಹಾಕಿ ಮರ ಸಾಗಿಸಿದವು. ಲಿಂಕನ್ ಊರೇ ಆ ಮರದ ಮಿಲ್ಲಿನಿಂದ ಬೆಳೆದದ್ದು. ನೀವು ಬೆಳಿಗ್ಗೆ ನಡೆದ ಲಿಂಕನ್ ವುಡ್ಸ್ ದಾರಿ ಇದೆಯಲ್ಲ, ಅದು ಆ ರೈಲಿನ ಹಾದಿಯೇ. ಹಳೆಯ ಸ್ಲೀಪರ್ ಮರಗಳು ಇಂದಿಗೂ ಕಾಲಿಗೆ ಸಿಗುತ್ತವೆ.

ಕಡಿದು ಬಿಟ್ಟುಹೋದ ರೆಂಬೆಕೊಂಬೆಗಳು ಒಣಗಿ ಬಿದ್ದಿದ್ದವು. ಎಂಜಿನ್ನಿನ ಕಿಡಿಯೋ ಸಿಡಿಲೋ ತಗುಲಿದರೆ ಸಾಕು, ಬೆಟ್ಟಕ್ಕೆ ಬೆಟ್ಟವೇ ಹೊತ್ತಿಕೊಳ್ಳುತ್ತಿತ್ತು. 1886ರಲ್ಲಿ ಜೀಲೆಂಡ್ ಕಣಿವೆ ಸುಟ್ಟಿತು. 1903ರ ಬೆಂಕಿಯಲ್ಲಿ ಇನ್ನೂ ಹೆಚ್ಚು ಕಾಡು ನಾಶವಾಯಿತು. ಕೆಲವು ಕಡೆ ಮೇಲ್ಮಣ್ಣೂ ಉರಿದು ಬಂಡೆ ಹೊರಬಿತ್ತು. ಮಳೆ ಬಂದರೆ ನೆರೆ, ಬಿಟ್ಟರೆ ಬತ್ತು. ಮೆರಿಮ್ಯಾಕ್ ನದಿಯ ನೀರನ್ನೇ ನಂಬಿದ್ದ ಕೆಳಗಿನ ಬಟ್ಟೆ ಗಿರಣಿಗಳಿಗೂ ಚಿಂತೆ ಹತ್ತಿತು. ಮೇಲೆ ಮರ ಕಡಿದದ್ದರ ಫಲ ಕೆಳಗಿನವನಿಗೆ ಎಂಬ ಮಾತು ಆಗ ಎಲ್ಲರಿಗೂ ಅರ್ಥವಾಯಿತು.

1901ರಲ್ಲಿ ಅಲ್ಲಿನ ನಾಗರಿಕರು ಕಾಡು ರಕ್ಷಣೆಯ ಸಂಘವೊಂದನ್ನು ಕಟ್ಟಿಕೊಂಡರು. ಹತ್ತು ವರ್ಷಗಳ ಹೋರಾಟದ ಬಳಿಕ 1911ರ ಮಾರ್ಚ್ 1ರಂದು ವೀಕ್ಸ್ ಕಾಯಿದೆ ಜಾರಿಗೆ ಬಂತು. ಅದನ್ನು ಮಂಡಿಸಿದ ಜಾನ್ ವೀಕ್ಸ್ ಇದೇ ಬೆಟ್ಟಸೀಮೆಯಲ್ಲಿ ಹುಟ್ಟಿದವರು. ನದಿಮೂಲಗಳ ಭೂಮಿಯನ್ನು ಮಾಲೀಕರಿಂದ ಹಣ ಕೊಟ್ಟು ಕೊಳ್ಳಲು ಕೇಂದ್ರ ಸರ್ಕಾರಕ್ಕೆ ಆ ಕಾಯಿದೆ ಅಧಿಕಾರ ಕೊಟ್ಟಿತು. 1918ರಲ್ಲಿ ವೈಟ್ ಮೌಂಟನ್ ರಾಷ್ಟ್ರೀಯ ಅರಣ್ಯ ಸ್ಥಾಪನೆಯಾಯಿತು. ಇಂದು ಅದರ ವಿಸ್ತಾರ ಸುಮಾರು 8 ಲಕ್ಷ ಎಕರೆ. ಅದರಲ್ಲಿ ಲೆಕ್ಕವಿಟ್ಟು ಮರ ಕಡಿಯುವ ಭಾಗವೂ ಇದೆ, ಕೊಡಲಿ ಮುಟ್ಟದ ಭಾಗವೂ ಇದೆ. ಮರದ ರೈಲು ಓಡಾಡಿದ ಪೆಮಿಜವಾಸೆಟ್ ಕಣಿವೆಯಲ್ಲಿ ಸುಮಾರು 45,000 ಎಕರೆಯನ್ನು 1984ರಲ್ಲಿ ಕೊಡಲಿ ಮುಟ್ಟದ ಕಾಡೆಂದು ಘೋಷಿಸಲಾಯಿತು.

ಬೆಂಕಿ ಬಿದ್ದ ನೆಲದಲ್ಲಿ ಮೊದಲು ತಲೆಯೆತ್ತುವುದು ಬಿಳಿ ತೊಗಟೆಯ ಬರ್ಚ್ ಮರ. ಬೆಟ್ಟದ ಮೈಯಲ್ಲಿ ಬರ್ಚಿನ ಹಳದಿ ಪಟ್ಟೆಪಟ್ಟೆಯಾಗಿ ಕಂಡರೆ, ಹಿಂದೊಮ್ಮೆ ಬೆಂಕಿಯೋ ಕೊಡಲಿಯೋ ಅಲ್ಲಿ ಹಾದುಹೋಗಿರುವ ಸಂಭವ ಹೆಚ್ಚು. ನೋಡಲು ಬರುವವರಿಗೆ ಅದು ಚೆಲುವು. ಬೆಳೆಗಾರನ ಕಣ್ಣಿಗೆ ಅದು ಮಾಗಿದ ಗಾಯದ ಕಲೆಯೂ ಹೌದು.

ಅವರ ಆಲೆಮನೆ

ಅತಿ ಚೆಲುವಾದ ಕಿತ್ತಳೆಗೆಂಪು ಸಕ್ಕರೆ ಮೇಪಲ್ ಮರದ್ದು. ಕಣ್ಣಿಗೆ ಚೆಂದ ಮಾತ್ರವಲ್ಲ, ಅದು ಅಲ್ಲಿನ ರೈತನ ಬೆಳೆಯೂ ಹೌದು. ಚಳಿಗಾಲದ ಕೊನೆಗೆ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಕಾಂಡಕ್ಕೆ ಸಣ್ಣ ತೂತು ಕೊರೆದು ರಸ ಇಳಿಸುತ್ತಾರೆ. ಸುಮಾರು 40 ಗ್ಯಾಲನ್ ರಸ ಕಾಯಿಸಿದರೆ ಒಂದು ಗ್ಯಾಲನ್ ಪಾಕ. ಗಿಡ ನೆಟ್ಟರೆ ಕೊರೆಯುವಷ್ಟು ದಪ್ಪವಾಗಲು ಸುಮಾರು 40 ವರ್ಷ. ನೆಟ್ಟವನಿಗಿಂತ ಅವನ ಮಕ್ಕಳೇ ಹೆಚ್ಚು ಉಣ್ಣುವುದು. ರಸ ಕಾಯಿಸುವ ಮನೆ ನಮ್ಮ ಆಲೆಮನೆಯ ತಮ್ಮನಂತಿರುತ್ತದೆ. ದಾರಿಯ ಅಂಗಡಿಗಳಲ್ಲಿ ಪಾಕ ಸಿಗುತ್ತದೆ. ಒಂದು ಬಾಟಲಿ ತಂದು ದೋಸೆಗೆ ಜೋನಿಬೆಲ್ಲದ ಬದಲು ಹಾಕಿಕೊಂಡು ನೋಡಬಹುದು.

ಎಚ್ಚರಿಕೆಯ ಮಾತು

1. ಬೆಳಗಿನ ಚಳಿ ನಮ್ಮ ಮಾಗಿಯ ಚಳಿಗಿಂತ ಜೋರು. ಒಂದೇ ದಪ್ಪ ಕೋಟಿಗಿಂತ ಎರಡು ಮೂರು ಪದರ ಬಟ್ಟೆ, ಟೋಪಿ, ಜಾರದ ಬೂಟು ಇರಲಿ. ಒದ್ದೆ ಎಲೆ ಬಿದ್ದ ಕಲ್ಲು ಪಾಚಿಗಟ್ಟಿದ ಅಂಗಳದಷ್ಟೇ ಜಾರುತ್ತದೆ.

2. ಅಲ್ಲಿಯ ಕಾಡಿನಲ್ಲೂ ಉಣುಗು ಇದೆ. 1957ರಲ್ಲಿ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮಗೆ ಗೊತ್ತು. ಅಲ್ಲಿ ಉಣುಗಿನಿಂದ ಬರುವುದು ಲೈಮ್ ಕಾಯಿಲೆ. ಕಾಲ್ಚೀಲದೊಳಗೆ ಪ್ಯಾಂಟು ಸೇರಿಸಿ ನಡೆಯಿರಿ, ಮನೆಗೆ ಬಂದ ಮೇಲೆ ಮೈ ನೋಡಿಕೊಳ್ಳಿ. ಊರಿಗೆ ಮರಳಿದ ಮೇಲೆ ಜ್ವರವೋ ಮೈಮೇಲೆ ಹರಡುವ ಕೆಂಪು ಕಲೆಯೋ ಕಂಡರೆ ಅಲ್ಲಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ. ಸಕಾಲಕ್ಕೆ ಔಷಧಿ ಕೊಟ್ಟರೆ ವಾಸಿಯಾಗುವ ಕಾಯಿಲೆ ಅದು.

3. ಬೀಜ, ಸಸಿ, ತೊಗಟೆ, ಮಣ್ಣು ಏನನ್ನೂ ಚೀಲಕ್ಕೆ ಹಾಕಿಕೊಂಡು ಬರಕೂಡದು. ಪರವಾನಗಿಯಿಲ್ಲದೆ ತರುವುದು ಕಾನೂನಿಗೆ ವಿರೋಧ. ಏಷ್ಯಾದಿಂದ ಗಿಡಗಳ ಜೊತೆ ಹೋದ ಒಂದು ಬೂಷ್ಟು ರೋಗ 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡು, ಕೆಲವೇ ದಶಕಗಳಲ್ಲಿ ಅಮೆರಿಕದ ಚೆಸ್ಟ್‌ನಟ್ ಕಾಡನ್ನೇ ಮುಗಿಸಿಬಿಟ್ಟಿತು. ಇರುವ ರೋಗಗಳೇ ನಮಗೆ ಸಾಕು. ನೆನಪಿಗೆ ಫೋಟೋ ತಂದರೆ ಸಾಲದೆ?

ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟಿದ್ದರು ಹಿಂದಿನವರು. ತೋಟದ ಗೊಬ್ಬರವೂ ಬೇಸಿಗೆಯ ಒರತೆಯೂ ಬೆಟ್ಟದಿಂದಲೇ ಎಂಬ ಅರಿವು ಅದರ ಹಿಂದಿತ್ತು. ಇಂದು ಹಲವು ಬೆಟ್ಟಗಳು ಬೋಳಾಗಿವೆ, ಕೆಲವಕ್ಕೆ ಬೇಸಿಗೆಯಲ್ಲಿ ಬೆಂಕಿಯೂ ಬೀಳುತ್ತಿದೆ. ವೈಟ್ ಮೌಂಟನ್ಸ್‌ನ ಜನ ಮಾರಿದ ಬೆಟ್ಟವನ್ನು ಹಣ ಕೊಟ್ಟು ಮರಳಿ ಕೊಂಡರು. ಅದು ಮತ್ತೆ ಕಾಡಾಗಲು ಎರಡು ಮೂರು ತಲೆಮಾರು ಹಿಡಿಯಿತು. ನಮ್ಮ ಬೆಟ್ಟವನ್ನು ಕೊಳ್ಳಬೇಕಾಗಿಲ್ಲ, ಬೆಂಕಿರೇಖೆ ತೆಗೆದು ಕಾದುಕೊಂಡರೆ ಸಾಕು. ಹೋಗಿಬಂದ ಸದಸ್ಯರು ಫಾಲ್ಗುಣದಲ್ಲಿ ಒಂದು ದಿನ ಮೊಮ್ಮಕ್ಕಳನ್ನು ಕರೆದುಕೊಂಡು ತಮ್ಮದೇ ಬೆಟ್ಟ ಹತ್ತಿ ಕೆಂಪು ಚಿಗುರನ್ನೂ ತೋರಿಸಲಿ. ಅದಕ್ಕೆ ವೀಸಾ ಬೇಡ, ಬುತ್ತಿಯೊಂದಿದ್ದರೆ ಸಾಕು.