ಒಗ್ಗರಣೆಗೆ ಮುಂಚೆ ನಾಯಿಯ ಪಾಲು

ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಮಾರುಕಟ್ಟೆಯನ್ನು ಹಾಯ್ದು ಬಂದವರಿಗೆ ಸೀನು ತಪ್ಪಿದ್ದಲ್ಲ. 2011ರಲ್ಲಿ ಜಿ.ಐ. ಮಾನ್ಯತೆ ಪಡೆದ ಇಲ್ಲಿನ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದೇ ಹೊರತು ಖಾರಕ್ಕಲ್ಲ. ಆ ಬಣ್ಣ ಊರವರ ಸಾರಿಗೂ ಇಳಿದಿರುತ್ತದೆ. ರಾತ್ರಿ ಉಳಿದ ಅನ್ನಕ್ಕೆ ಅದೇ ಕೆಂಪು ಸಾರು ಕಲಸಿ, ಮೇಲೊಂದು ತಂಗಳ ರೊಟ್ಟಿ ಮುರಿದು ಹಾಕಿ, ಹಿತ್ತಲ ಬಾಗಿಲಲ್ಲಿ ಕಾಯುವ ನಾಯಿಯ ಮುಂದೆ ಇಡುವುದು ಬ್ಯಾಡಗಿಯಲ್ಲಷ್ಟೇ ಅಲ್ಲ, ಹಾವೇರಿ, ರಾಣೆಬೆನ್ನೂರುಗಳ ಮನೆಗಳಲ್ಲೂ ಕಾಣುವ ರೂಢಿ. ನಾಯಿ ಬಾಲ ಅಲ್ಲಾಡಿಸುತ್ತದೆ, ತಟ್ಟೆ ನೆಕ್ಕಿ ಮುಗಿಸುತ್ತದೆ. ಮನೆಯವರಿಗೂ ಸಮಾಧಾನ. ಆ ತಟ್ಟೆಯಲ್ಲಿ ಏನೇನಿತ್ತು ಎಂದು ಲೆಕ್ಕ ಹಾಕುವವರು ಮಾತ್ರ ಕಡಿಮೆ.

ಲೆಕ್ಕ ಹಾಕೋಣ. ತಪ್ಪು ರೊಟ್ಟಿಯದಲ್ಲ, ಅನ್ನದ್ದೂ ಅಲ್ಲ. ಒಗ್ಗರಣೆ ಮತ್ತು ಸಾರಿನದು. ಉಳ್ಳಾಗಡ್ಡಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಹಸಿಯಿರಲಿ, ಬೇಯಿಸಿರಲಿ, ಪುಡಿ ಮಾಡಿರಲಿ, ಈ ಗುಣ ಹೋಗುವುದಿಲ್ಲ. ನಾಯಿಯ ತೂಕದ ಪ್ರತಿ ಕೆ.ಜಿ.ಗೆ 15ರಿಂದ 30 ಗ್ರಾಂ ಉಳ್ಳಾಗಡ್ಡಿ ಹೊಟ್ಟೆಗೆ ಹೋದರೆ ರಕ್ತದಲ್ಲಿ ಏರುಪೇರು ಶುರುವಾಗುತ್ತದೆ. ಹತ್ತು ಕೆ.ಜಿ.ಯ ನಾಯಿಗೆ ಒಂದೆರಡು ಗಡ್ಡೆ ಸಾಕು ಎಂದಾಯಿತು. ದಿನವೂ ಸ್ವಲ್ಪಸ್ವಲ್ಪ ಹೋದರೂ ಅಪಾಯವೇ. ಬೆಳ್ಳುಳ್ಳಿ ಇದಕ್ಕಿಂತ ಚುರುಕು. ತಿಂದ ದಿನ ಏನೂ ಕಾಣಿಸುವುದಿಲ್ಲ. ಕೆಲವು ದಿನ ಕಳೆದ ಮೇಲೆ ವಸಡು ಬಿಳಚಿಕೊಂಡು, ಮೂತ್ರ ಕಂದು ಬಣ್ಣಕ್ಕೆ ತಿರುಗಿ, ನಾಯಿ ಮೂಲೆ ಹಿಡಿಯುತ್ತದೆ. ಆಗ ಮನೆಯವರು ಬಿಸಿಲಿನ ಮೇಲೆಯೋ ದೃಷ್ಟಿಯ ಮೇಲೆಯೋ ಹಾಕುವುದುಂಟು.

ಇನ್ನು ದ್ರಾಕ್ಷಿ. ಹಸಿ ದ್ರಾಕ್ಷಿ, ಒಣ ದ್ರಾಕ್ಷಿ ಎರಡೂ ಕೆಲವು ನಾಯಿಗಳ ಮೂತ್ರಪಿಂಡವನ್ನೇ ಕೆಡಿಸುತ್ತವೆಂದು ಪಶುವೈದ್ಯರು ಬಹುಕಾಲದಿಂದ ಬಲ್ಲರು. ಕಾರಣ ಅದರಲ್ಲಿರುವ ಟಾರ್ಟಾರಿಕ್ ಆಮ್ಲವಿರಬಹುದೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಸೂಚಿಸಿದರು. ಅದೇ ಆಮ್ಲ ಹೇರಳವಾಗಿರುವ ಇನ್ನೊಂದು ಹಣ್ಣು ನಮ್ಮ ಹುಣಸೆ! ಸಾರಿನ ಹುಳಿಯೂ ಎಚ್ಚರಿಕೆಯ ಪಟ್ಟಿಗೆ ಸೇರಿದ್ದು ಹೀಗೆ. ಮಕ್ಕಳು ಪ್ರೀತಿಯಿಂದ ಹಂಚಿಕೊಳ್ಳುವ ಚಾಕೊಲೇಟು ಮತ್ತು ಒಣ ದ್ರಾಕ್ಷಿ ಹಾಕಿದ ಉಂಡಿ ನಾಯಿಗೆ ವಿಷ ಎಂಬುದನ್ನು ಹಿರಿಯರು ಅವರಿಗೆ ಮೊದಲೇ ಹೇಳಿಡಬೇಕು. ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿ ಬಳಸುವ ಜೈಲಿಟಾಲಂತೂ ಗಂಟೆಯೊಳಗೇ ನಾಯಿಯ ರಕ್ತದ ಸಕ್ಕರೆಯನ್ನು ಇಳಿಸಿಬಿಡಬಲ್ಲದು.

ಹಾಗಾದರೆ ನಾಯಿಗೆ ಮಾಂಸವೊಂದೇ ಆಹಾರವೇ? ಹಾಗೇನಿಲ್ಲ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 2013ರಲ್ಲಿ ನಾಯಿ ಮತ್ತು ತೋಳಗಳ ವಂಶವಾಹಿಗಳನ್ನು ಹೋಲಿಸಿದರು. ಪಿಷ್ಟವನ್ನು ಕರಗಿಸುವ ಅಮೈಲೇಸ್ ಕಿಣ್ವದ ವಂಶವಾಹಿಗೆ ತೋಳದಲ್ಲಿ ಎರಡೇ ಪ್ರತಿ. ನಾಯಿಗಳಲ್ಲಿ 4ರಿಂದ 30. ಮನುಷ್ಯನ ಬೆನ್ನುಹತ್ತಿ ಬಂದ ಪ್ರಾಣಿ ಅವನ ರೊಟ್ಟಿಗೂ ಹೊಂದಿಕೊಂಡಿತೆಂದು ಇದರಿಂದ ತಿಳಿಯುತ್ತದೆ. ಜೋಳದ ರೊಟ್ಟಿ ಅರಗಿಸಿಕೊಳ್ಳುವ ಶಕ್ತಿ ಅದಕ್ಕೆ ಇದೆ. ಒಗ್ಗರಣೆಯನ್ನು ತಾಳುವ ಶಕ್ತಿ ಬರಲಿಲ್ಲ, ಅಷ್ಟೆ.

ನಾಯಿಗೆ ಒಳ್ಳೆಯದನ್ನೇ ಬಡಿಸಬೇಕೆಂಬ ಭಾವ ಈ ಸೀಮೆಗೆ ಹೊಸದಲ್ಲ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಗುಡಿಯಿದೆ. ಆಯುಧಪೂಜೆಯ ಕಾರ್ಣಿಕಕ್ಕೆ ಜನ ಸಾಗರವಾಗಿ ಸೇರುತ್ತಾರೆ. ಕಂಬಳಿ ತೊಟ್ಟು, ಡಮರುಗ ಹಿಡಿದ ಗೊರವಯ್ಯಗಳು ತಮ್ಮನ್ನು ಮೈಲಾರನ ನಾಯಿಗಳೆಂದೇ ಹೇಳಿಕೊಳ್ಳುತ್ತಾರೆ. ಭಕ್ತರು ಅವರ ಮರದ ದೋಣಿಗೆ ಹಾಲು, ತುಪ್ಪ, ಬಾಳೆಹಣ್ಣು ತುಂಬಿದಾಗ, ಬೊಗಳುತ್ತಾ, ಗುರುಗುಟ್ಟುತ್ತಾ ಬಾಯಿ ಹಚ್ಚಿ ಉಣ್ಣುವುದು ಅವರ ಸೇವೆ. ಆ ದೋಣಿಗೆ ಯಾರೂ ಉಳಿದದ್ದನ್ನು ಸುರಿಯುವುದಿಲ್ಲ ಎಂಬುದು ಗಮನಿಸಬೇಕಾದ ಮಾತು. ಹಾಗೆಂದು ಮನೆಯ ನಾಯಿಗೆ ತುಪ್ಪ ಸುರಿಯಲು ಹೊರಡಬೇಡಿ. ಹೆಚ್ಚು ಜಿಡ್ಡು ಅದರ ಮೇದೋಜೀರಕ ಗ್ರಂಥಿಗೆ ಆಗಿಬರದು. ಬೆಳೆದ ನಾಯಿಗಳಲ್ಲಿ ಎಷ್ಟೋ ಹಾಲು ಕುಡಿದರೆ ಭೇದಿ ಮಾಡಿಕೊಳ್ಳುತ್ತವೆ.

ಅಂಗಡಿಯ ನಾಯಿ ಬಿಸ್ಕತ್ತಿನ ಕತೆಯೂ ಸ್ವಾರಸ್ಯದ್ದೇ. ಮಿಂಚುಬಂಧಕ ಮಾರಲು 1860ರ ಸುಮಾರಿಗೆ ಲಂಡನ್ನಿಗೆ ಬಂದಿದ್ದ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ನನು, ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತುಗಳನ್ನು ಬಂದರಿನ ನಾಯಿಗಳು ಕಡಿಯುವುದನ್ನು ಕಂಡನಂತೆ. ಗೋಧಿ, ತರಕಾರಿ, ಮಾಂಸ ಸೇರಿಸಿ ನಾಯಿಗೆಂದೇ ಬಿಸ್ಕತ್ತು ಮಾಡಿ ಮಾರಿದ, ಹಣ ಮಾಡಿದ. ಹಡಗಿನ ಬಿಸ್ಕತ್ತೆಂದರೆ ಹಿಟ್ಟು, ನೀರು, ಸ್ವಲ್ಪ ಉಪ್ಪು, ಒಣಗುವ ತನಕ ಬೆಂಕಿ. ನಮ್ಮ ಹೆಣ್ಣುಮಕ್ಕಳು ದೂರದ ಪಯಣಕ್ಕೆ ಕಟ್ಟಿಕೊಡುವ ಖಡಕ್ ರೊಟ್ಟಿಗೂ ಇದಕ್ಕೂ ಏನು ವ್ಯತ್ಯಾಸ? ಎರಡರ ಗುಟ್ಟೂ ಒಂದೇ: ನೀರಿನಂಶ ಹೋದರೆ ಬೂಸ್ಟು ಹತ್ತದು. ಹಂಚಿದ್ದ ಮನೆಯಲ್ಲಿ ನಾಯಿ ಬಿಸ್ಕತ್ತು ಅರ್ಧ ಆದಂತೆಯೇ.

ಪೂರ್ತಿ ಮಾಡುವುದು ಹೀಗೆ. ಜೋಳದ ಹಿಟ್ಟು 200 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ. ಬರೀ ಜೋಳಕ್ಕೆ ಅಂಟಿಲ್ಲದ್ದರಿಂದ ಕತ್ತರಿಸಿದ ಬಿಲ್ಲೆ ಒಡೆಯುತ್ತದೆ. ಗೋಧಿ ಅದನ್ನು ಹಿಡಿದಿಡುತ್ತದೆ. ಬೇಯಿಸಿ ಕಿವುಚಿದ ಸಿಹಿಗುಂಬಳ ಅಥವಾ ಗೆಣಸು 100 ಗ್ರಾಂ, ಹುರಿದು ಪುಡಿ ಮಾಡಿದ ಶೇಂಗಾ 20 ಗ್ರಾಂ, ನಡೆಯುವ ಮನೆಗಳಲ್ಲಿ ಒಂದು ಮೊಟ್ಟೆ. ಶೇಂಗಾ ಚಟ್ನಿಪುಡಿ ಅಲ್ಲ, ಅದರಲ್ಲಿ ಬೆಳ್ಳುಳ್ಳಿ ಇರುತ್ತದೆ! ಉಪ್ಪು, ಬೆಲ್ಲ, ಸಕ್ಕರೆ, ಅಡುಗೆ ಸೋಡಾ ಯಾವುದೂ ಬೇಡ. ರೊಟ್ಟಿಗೆ ಮಾಡುವಂತೆ ಜೋಳದ ಹಿಟ್ಟಿಗೆ ಕುದಿಯುವ ನೀರನ್ನು ಹದವಾಗಿ ಸುರಿದು, ಆರಿದ ಮೇಲೆ ಉಳಿದದ್ದನ್ನು ಸೇರಿಸಿ ಗಟ್ಟಿಯಾಗಿ ನಾದಬೇಕು. ಕಾಲು ಇಂಚಿಗಿಂತ ತೆಳ್ಳಗೆ ಲಟ್ಟಿಸಿ, ಬಾಟಲಿಯ ಮುಚ್ಚಳದಿಂದ ಒತ್ತಿದರೆ ಸುಮಾರು 60 ಬಿಲ್ಲೆಗಳಾಗುತ್ತವೆ. ಈ ಒತ್ತುವ ಕೆಲಸ ಮಕ್ಕಳಿಗೆ ಬಿಡಿ, ಬೆಂಕಿಯ ಕೆಲಸ ದೊಡ್ಡವರಿಗಿರಲಿ.

ಓವನ್ ಇದ್ದವರು 160 ಡಿಗ್ರಿಯಲ್ಲಿ ಅರ್ಧ ಗಂಟೆ ಸುಟ್ಟು, ಆರಿಸಿ ಅಲ್ಲಿಯೇ ಒಣಗಲು ಬಿಟ್ಟರಾಯಿತು. ಇಲ್ಲದವರು ಹಳೆಯ ದಪ್ಪ ಪಾತ್ರೆಯ ತಳಕ್ಕೆ ಮರಳು ಹರಡಿ, ಮೇಲೊಂದು ಕಬ್ಬಿಣದ ಸಿಂಬೆ ಇಟ್ಟು, ಮುಚ್ಚಿ, ಹತ್ತು ನಿಮಿಷ ಕಾಯಿಸಿ ಬಿಲ್ಲೆಯ ತಟ್ಟೆಯನ್ನು ಇಡಬಹುದು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅದೂ ಬೇಡವೆಂದರೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ತಿರುವಿ ತಿರುವಿ ಹಾಕಿ. ಮುರಿದಾಗ ಟಪ್ ಎನ್ನಬೇಕು. ಬಗ್ಗಿದರೆ ಒಳಗೆ ನೀರಿದೆ ಎಂದರ್ಥ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ, ಒಂದು ವಾರದೊಳಗೆ ಮುಗಿಸಬೇಕು.

ಹಿಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹಾವೇರಿ ಜಿಲ್ಲೆ ಮೆಕ್ಕೆಜೋಳದ ನಾಡು. ಕಟಾವಿನ ಹೊತ್ತಿಗೆ ಮಳೆ ಹಿಡಿದರೆ ರಾಶಿಗೆ ಬೂಸ್ಟು ಬರುವುದು ರೈತ ಮನೆಗಳಿಗೆ ಗೊತ್ತಿದ್ದದ್ದೇ. 'ನಮಗ ಬ್ಯಾಡ, ನಾಯಿಗೆ ಹಾಕ್ರಿ' ಎಂದು ಬೂಸ್ಟು ಹಿಡಿದ ಕಾಳನ್ನೋ ಕಮಟು ಶೇಂಗಾವನ್ನೋ ತೆಗೆದಿಡುವ ಅಭ್ಯಾಸ ಕೆಟ್ಟದ್ದು. ಆ ಬೂಸ್ಟಿನಲ್ಲಿ ಹುಟ್ಟಬಹುದಾದ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಹಾಳುಮಾಡುತ್ತದೆ, ಬೆಂಕಿಯ ಕಾವಿಗೆ ಪೂರ್ತಿ ಸಾಯುವುದೂ ಇಲ್ಲ. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಈ ವಿಷ ಸೇರಿದ ಕಾರ್ಖಾನೆಯ ಆಹಾರ ತಿಂದು ಎಪ್ಪತ್ತಕ್ಕೂ ಹೆಚ್ಚು ನಾಯಿಗಳು ಸತ್ತ ವರದಿಯಾಯಿತು. ಮನುಷ್ಯರಿಗಾಗದ ಕಾಳು ನಾಯಿಗೂ ಆಗದು.

ಎಷ್ಟು ಕೊಡಬೇಕು? ಇದು ವಿದ್ಯಾರ್ಥಿಗಳ ಲೆಕ್ಕ. ನಾಯಿಯ ತೂಕವನ್ನು ಮೂರು ಸಲ ಗುಣಿಸಿ: 10ಕ್ಕೆ 1,000. ಅದರ ವರ್ಗಮೂಲ 31.6, ಮತ್ತೊಮ್ಮೆ ವರ್ಗಮೂಲ ತೆಗೆದರೆ 5.6. ಇದನ್ನು 70ರಿಂದ ಗುಣಿಸಿದರೆ ಸುಮಾರು 394. ಸುಮ್ಮನೆ ಮಲಗಿದ್ದರೂ ಆ ನಾಯಿಗೆ ಬೇಕಾಗುವ ಕ್ಯಾಲೊರಿಯಿದು. ಓಡಾಡುವ ನಾಯಿಗೆ ಇದರ 1.6ರಷ್ಟು, ಅಂದರೆ 630. ತಿನಿಸು ಇದರಲ್ಲಿ ಹತ್ತನೇ ಒಂದು ಪಾಲು ಮೀರಬಾರದೆಂಬುದು ಪಶುವೈದ್ಯರು ಹೇಳುವ ಮಿತಿ. ಮೇಲಿನ ಬಿಲ್ಲೆ ಒಂದಕ್ಕೆ ಸುಮಾರು 21 ಕ್ಯಾಲೊರಿ. ದಿನಕ್ಕೆ ಮೂರು ಬಿಲ್ಲೆಗೆ ಮುಗಿಯಿತು. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿಯಾದರೆ ಮೂರನೇ ಒಂದು ಭಾಗ ಮಾತ್ರ. ಎರಡೂ ಒಂದೇ ದಿನ ಬೇಡ. ಉಳಿದ ಹೊಟ್ಟೆಗೆ ಅದರ ನಿಜವಾದ ಊಟವೇ ಬೇಕು, ಏಕೆಂದರೆ ಬಿಲ್ಲೆಯಲ್ಲಿ ನಾಯಿಗೆ ಬೇಕಾದಷ್ಟು ಸುಣ್ಣದ ಅಂಶವಾಗಲಿ, ಪ್ರೋಟೀನಾಗಲಿ ಇಲ್ಲ. ಬೆಳೆಯುವ ಮರಿಯ ವಿಷಯದಲ್ಲಂತೂ ವೈದ್ಯರನ್ನು ಕೇಳಿಯೇ ಊಟ ಗೊತ್ತುಮಾಡಬೇಕು.

ಆ ಊಟಕ್ಕೂ ದಾರಿ ಕಠಿಣವಲ್ಲ. ಬೇಳೆ ಬೆಂದ ಕೂಡಲೆ, ಹುಳಿ ಖಾರ ಬೀಳುವ ಮೊದಲು, ಒಂದು ಸೌಟು ಪಕ್ಕಕ್ಕೆ ತೆಗೆದಿಟ್ಟರೆ ಸಾಕು. ಮಾಂಸ ಬೇಯಿಸುವ ಮನೆಗಳಲ್ಲಿ ಮಸಾಲೆಗೆ ಮುಂಚಿನ ನಾಲ್ಕು ತುಂಡು, ಎಲುಬು ಬಿಡಿಸಿ. ಬೆಂದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಮಕ್ಕಳು ಬಿಲ್ಲೆ ಮಾಡಿದರೆ ಓಣಿಯ ನಾಯಿಗಳಿಗೂ ಹಂಚಲು ಓಡುತ್ತಾರೆ, ಸಹಜ. ಎಲ್ಲೆಂದರಲ್ಲಿ ಬೀದಿಯಲ್ಲಿ ನಾಯಿಗಳಿಗೆ ಆಹಾರ ಹಾಕದೆ, ಸ್ಥಳೀಯ ಸಂಸ್ಥೆ ಗುರುತಿಸಿದ ಜಾಗದಲ್ಲೇ ಹಾಕಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟಿನಲ್ಲಿ ಹೇಳಿದೆ, ದೊಡ್ಡವರು ಜೊತೆಗಿರಬೇಕು. ಕೈಯಿಂದ ಉಣಿಸದೆ ನೆಲಕ್ಕಿಟ್ಟು ಹಿಂದೆ ಸರಿಯಬೇಕು, ತಿನ್ನುವ ನಾಯಿಯ ಮೈ ಮುಟ್ಟಬಾರದು. ಹಲ್ಲು ತಾಗಿದರೆ ಸಾಬೂನು ಹಚ್ಚಿ ಹದಿನೈದು ನಿಮಿಷ ನೀರು ಬಿಟ್ಟು ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮನೆಯ ನಾಯಿಗೆ ರೇಬೀಸ್ ಲಸಿಕೆಯ ಚೀಟಿ ಎಲ್ಲಿದೆಯೆಂದು ಬಿಲ್ಲೆ ಒಣಗುವಷ್ಟರಲ್ಲಿ ಹುಡುಕಿಡಿ. ಹೊಸ ತಿನಿಸಾದ್ದರಿಂದ ಮೊದಲ ದಿನ ಒಂದೇ ಬಿಲ್ಲೆ; ಮರುದಿನ ಬೆಳಿಗ್ಗೆ ನಾಯಿ ಎಂದಿನಂತೆ ಹಿತ್ತಲ ಬಾಗಿಲಿಗೆ ಬಂದು ನಿಂತರೆ ಎರಡನೆಯದು.